ಬಸವಂತಪ್ಪನವರ ‘ಆಹಾ’

ಟಿಲ್‌ಬರ್ಗ್ ಊರಿನ ಸಾಲುಮನೆಗಳ ಗೋಡೆಗಳು ತೆಳು. ಒಂದು ಮನೆಯಲ್ಲಿ ಸಾಸಿವೆ ಸಿಡಿದರೆ ಪಕ್ಕದ ಮನೆಯವರಿಗೆ ಅಡುಗೆಯ ಹೊತ್ತು ತಿಳಿಯುತ್ತದೆ. ಹೀಗಿರುವಾಗ ಬಸವಂತಪ್ಪನವರು ಭಾನುವಾರ ಬೆಳಿಗ್ಗೆ ಸ್ನಾನದ ಮನೆಯಲ್ಲಿ ಬಕೆಟ್ಟಿನ ನೀರು ಮುಗಿಯುವವರೆಗೂ ಹಾಡುವ ಭಜನೆ ನೆರೆಮನೆಗೆ ಕೇಳಿಸದೆ ಇರುವುದು ಹೇಗೆ ಸಾಧ್ಯ? ಒಂದು ಭಾನುವಾರ ಅವರು ತಲೆ ಒರೆಸಿಕೊಳ್ಳುತ್ತ ಹೊರಗೆ ಬರುವುದಕ್ಕೂ ಬಾಗಿಲ ಗಂಟೆ ಬಾರಿಸುವುದಕ್ಕೂ ಸರಿಹೋಯಿತು.

“ನಾ ಹೇಳಿರ್ಲಿಲ್ಲೇನ್ರೀ, ಒಂದಿನ ಯಾರರೆ ಬಂದು ಬಾಗಲಾ ಬಡೀತಾರಂತ?” ಎಂದರು ಹೆಂಡತಿ ನಾಗಮಣಿ, ಒಲೆಯ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯದೆ.

“ಬಂದ್ರ ಬರ್ಲಿ ಬಿಡು. ಸಾರಿ ಅಂದ್ರಾತು.”

ಬಾಗಿಲು ತೆರೆದವಳು ಮಗಳು ಹರ್ಷಿತಾ. ಅವಳು ಅಲ್ಲಿಯೇ ನಿಂತು ಡಚ್ ಭಾಷೆಯಲ್ಲಿ ಚಟಪಟ ಮಾತಾಡಿ ಒಳಗೆ ಬಂದಳು. “ಅಪ್ಪಾ, ನೆಕ್ಸ್ಟ್ ಡೋರ್ ಹನ್ನೆಕೆ ಬಂದಿದಾರೆ. ನೀವು ‘ಬಸ್’ ಏನು ಅಂತ ಕೇಳ್ತಿದಾರೆ. ಅಂದ್ರೆ ಎಲ್ಲಾರಿಗಿಂತ ಕೆಳಗಿನ ವಾಯ್ಸಲ್ಲಿ ಹಾಡೋರು.”

ಹನ್ನೆಕೆ ನಿವೃತ್ತರಾದ ದಾದಿ. ಬೆಳ್ಳಗಿನ ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡು, ಎಂಥ ಗಾಳಿಯಲ್ಲಿಯೂ ಸೈಕಲ್ ಮೇಲೆ ನೆಟ್ಟಗೆ ಕೂತು ಹೋಗುವ ಹೆಂಗಸು. ಊರಿನ ಒಂದು ಸಣ್ಣ ಗಾಯನಮೇಳದಲ್ಲಿ ಹದಿಹರೆಯದಿಂದಲೂ ಮೇಲಿನ ಸ್ಥಾಯಿಯಲ್ಲಿ ಹಾಡುತ್ತ ಬಂದವರು. ಆ ದೇಶದ ಮೇಳಗಳಲ್ಲಿ ಹೆಂಗಸರಿಗೆ ಬರವಿಲ್ಲ. ಗಂಡಸರನ್ನು, ಅದರಲ್ಲಿಯೂ ಮಂದ್ರದ ಗಂಡಸರನ್ನು ಹುಡುಕಿಕೊಂಡು ಅಲೆಯಬೇಕು. ಗೋಡೆಯ ಆಚೆಯೇ ಅಂಥ ದನಿಯೊಂದು ವಾರವಾರವೂ ಸೋಪು ಹಚ್ಚಿಕೊಳ್ಳುತ್ತಿರುವಾಗ ಹನ್ನೆಕೆ ಸುಮ್ಮನಿರುವರೆ?

ಬಸವಂತಪ್ಪನವರು ಗದಗ ಸೀಮೆಯವರು. ಸರಕು ಗೋದಾಮುಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿ ಕೆಲಸ. ವಾರದಲ್ಲಿ ಕೆಲವು ದಿನ ಆಮರ್ಸ್‌ಫೋರ್ಟ್‌ನ ಕಚೇರಿಗೆ ಹೋಗಿಬರುತ್ತಿದ್ದರು. ಬೆಂಗಳೂರಿನಲ್ಲಿ ಹತ್ತಾರು ವರ್ಷ ದುಡಿದು, ನಡುವಯಸ್ಸು ಹತ್ತಿರ ಬಂದಾಗ ಈ ದೇಶಕ್ಕೆ ಬಂದವರು. ಅವರಿಗೆ ಗೊತ್ತಿದ್ದ ಸಂಗೀತವೆಂದರೆ ಸೋದರಮಾವ ನಡೆಸುತ್ತಿದ್ದ ಭಜನಾಮೇಳ, ಮತ್ತು ಧಾರವಾಡದಲ್ಲಿ ಕಾಲೇಜು ಓದುವಾಗ ನೆಲದ ಮೇಲೆ ಕೂತು ಕೇಳಿದ ಕಚೇರಿಗಳು. ಸ್ವರವನ್ನು ಕಾಗದದ ಮೇಲೆ ಗೆರೆಯೆಳೆದು ಬರೆಯುತ್ತಾರೆಂಬುದನ್ನು ಅವರು ಕಂಡಿದ್ದರೇ ಹೊರತು ಓದಿದವರಲ್ಲ.

ಆದರೂ ಮುಂದಿನ ಮಂಗಳವಾರ ಹನ್ನೆಕೆಯ ಹಿಂದೆ ಮೇಳದ ತಾಲೀಮಿಗೆ ಸೈಕಲ್ ತುಳಿದುಕೊಂಡು ಹೋದರು. ನಿರ್ದೇಶಕ ಮಾರ್ಟೆನ್ ತೆಳ್ಳಗೆ, ಉದ್ದಕ್ಕೆ, ಯಾವಾಗಲೂ ಒಂದೇ ಬೂದು ಬಣ್ಣದ ಸ್ವೆಟರ್ ತೊಡುವ ಮನುಷ್ಯ. ಪಿಯಾನೋದ ಎಡತುದಿಯ ಮನೆಗಳನ್ನು ಒಂದೊಂದಾಗಿ ಒತ್ತುತ್ತ ಕೆಳಕ್ಕೆ ಇಳಿದ. ಬಸವಂತಪ್ಪನವರು ಬೆನ್ನಟ್ಟಿಕೊಂಡು ಇಳಿದರು. ಒಂದು ಹಂತದಲ್ಲಿ ಮಾರ್ಟೆನ್ ಕೈ ತೆಗೆದು, “ನಿಯೆಟ್ ಸ್ಲೆಖ್ಟ್” ಎಂದ. ಕೆಟ್ಟದ್ದೇನಲ್ಲ ಎಂದು ಅದರ ಅರ್ಥ. ಮನೆಗೆ ಬಂದು ಬಸವಂತಪ್ಪನವರು ಮುಖ ಸಪ್ಪಗೆ ಮಾಡಿಕೊಂಡು ಕೂತಾಗ ಹರ್ಷಿತಾ ನಕ್ಕಳು. “ಅಪ್ಪಾ, ಅದಕ್ಕಿಂತ ದೊಡ್ಡ ಕಾಂಪ್ಲಿಮೆಂಟ್ ಇಲ್ಲಿ ಯಾರೂ ಕೊಡಲ್ಲ.”

ಮಾರ್ಟೆನ್ ಹಿಂದೆ ಫಿನ್‌ಲ್ಯಾಂಡಿನಲ್ಲಿ ಓದಿದವನು. ಈ ಕಾಲದ ಫಿನ್ನಿಶ್ ವೃಂದಗಾನವೆಂದರೆ ಅವನಿಗೆ ಪ್ರಾಣ. ಬಸವಂತಪ್ಪನವರಿಗೆ ಅವನು ಮೊದಲ ದಿನವೇ ಆ ನಾಡಿನ ಮೇಳಗಳ ಧ್ವನಿಮುದ್ರಣಗಳನ್ನು ಕೊಟ್ಟು ಕಳಿಸಿದ. ಕೆಲವು ದೇವರ ಹಾಡುಗಳು: ಬೈಬಲ್ಲಿನ ಕೀರ್ತನೆಗಳು, ಸಂಜೆಯ ಪ್ರಾರ್ಥನೆಗಳು. ಕೆಲವು ಲೋಕದ ಹಾಡುಗಳು: ಹಿಮ, ಸರೋವರ, ಕಾಡಿನ ಗಾಳಿ, ಪ್ರೇಮ. ಪಕ್ಕವಾದ್ಯವೆಂಬುದೇ ಇಲ್ಲ, ಬರೀ ಮನುಷ್ಯರ ಗಂಟಲು. ‘ಸ’ವೂ ‘ರಿ’ಯೂ ಅಕ್ಕಪಕ್ಕದಲ್ಲಿ ಒಟ್ಟಿಗೇ ನಿಂತುಬಿಡುತ್ತವೆ. ಒಬ್ಬರು ಪಿಸುಗುಟ್ಟುತ್ತಾರೆ, ಒಬ್ಬರು ಸಿಳ್ಳೆ ಹಾಕುತ್ತಾರೆ. ನಡುನಡುವೆ ಯಾರೂ ಹಾಡದೆ ಇರುವ ಜಾಗವೂ ಹಾಡಿನೊಳಗೆ ಸೇರಿರುತ್ತದೆ.

ಅದನ್ನು ಮನೆಯಲ್ಲಿ ಹಾಕಿದ ದಿನ ನಾಗಮಣಿ ಅಡುಗೆಮನೆಯಿಂದ ಓಡಿ ಬಂದರು. “ಯಾರೋ ಹಿಮದಾಗ ಸಿಕ್ಕೊಂಡು ಅಳಾಕತ್ತಾರೇನ್ರೀ?”

“ತಡಿ, ತಡಿ. ಪೂರ್ತಿ ಕೇಳು.”

“ಇನ್ನೂ ಪೂರ್ತಿ ಆಗಿಲ್ಲೇನು? ಅಯ್ಯ, ಪಾಪ!”

ಬಸವಂತಪ್ಪನವರಿಗೂ ಮೊದಲು ಸಂತೆಯ ಗದ್ದಲವೆನಿಸಿತ್ತು. ಆದರೆ ಅವರು ಹಿಡಿದದ್ದನ್ನು ಬಿಡುವ ಜಾಯಮಾನದವರಲ್ಲ. ಬೆಳಗಿನ ರೈಲಿನಲ್ಲಿ ಕೇಳಿದರು, ಉಟ್ರೆಕ್ಟ್‌ನಲ್ಲಿ ಗಾಡಿ ಬದಲಿಸುವಾಗ ಕೇಳಿದರು, ಸಂಜೆ ಮರಳುವಾಗ ಕೇಳಿದರು. ಒಂದು ದಿನ ಇದ್ದಕ್ಕಿದ್ದಂತೆ ಅವರಿಗೆ ಮಠದ ದೊಡ್ಡ ಗಂಟೆಯ ನೆನಪಾಯಿತು. ಗಂಟೆಯನ್ನು ಹೊಡೆದ ಮೇಲೆ ಬಹಳ ಹೊತ್ತು ಗುಂಯ್ ಎಂದು ಉಳಿಯುತ್ತದಲ್ಲ, ಅದರೊಳಗೆ ಕಿವಿಯಿಟ್ಟರೆ ಒಂದೇ ಸ್ವರವಿರುವುದಿಲ್ಲ. ಹತ್ತಾರು ಸ್ವರಗಳು ಒಂದಕ್ಕೊಂದು ಉಜ್ಜಿಕೊಂಡು ನಿಂತಿರುತ್ತವೆ. ಹುಡುಗನಾಗಿದ್ದಾಗ ಅವರು ಆ ಗಂಟೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದರು. ಈ ಫಿನ್ನಿಶ್ ಜನ ಗಂಟೆಯ ಹೊಟ್ಟೆಯೊಳಗಿನದನ್ನು ಮನುಷ್ಯರ ಕೈಯಲ್ಲಿ ಹಾಡಿಸುತ್ತಿದ್ದಾರೆ ಎಂದು ತಿಳಿದ ಮೇಲೆ ಅವರಿಗೆ ಆ ಸಂಗೀತ ಪರಕೀಯವಾಗಲಿಲ್ಲ.

ಸಂತೋಷದಲ್ಲಿ ಅವರು ತಮಗೆ ಅರಿವಿಲ್ಲದೆಯೇ ಗುನುಗತೊಡಗಿದರು. ಎದುರಿನ ಸೀಟಿನ ಮುದುಕ ಏನೂ ಅನ್ನದೆ ಕಿಟಕಿಯ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದ. ಅಲ್ಲಿ ‘ಸ್ತಿಲ್ತೆ’ ಎಂದು ಬರೆದಿತ್ತು. ಡಚ್ ರೈಲುಗಳಲ್ಲಿ ಮಾತಾಡಬಾರದ ಡಬ್ಬಿಯೇ ಬೇರೆ ಇರುತ್ತದೆ. ಬಸವಂತಪ್ಪನವರು ಅದರಲ್ಲಿಯೇ ಕೂತು ಕೀರ್ತನೆ ಹಾಡುತ್ತಿದ್ದರು.

ಕಲಿಯುವುದರಲ್ಲಿ ಅವರು ತೋರಿದ ಶ್ರದ್ಧೆಯನ್ನು ನೆನೆದರೆ ಎಂಥ ಮೇಷ್ಟರಿಗೂ ಹಿತವೆನಿಸಬೇಕು. ಮಗಳ ಪಕ್ಕದಲ್ಲಿ ಕೂತು ಸ್ವರಲಿಪಿಯನ್ನು ಮೊದಲಿಂದ ಕಲಿತರು. ಫಿನ್ನಿಶ್ ಸಾಹಿತ್ಯವನ್ನು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಂಡರು. ಆ ಭಾಷೆಯಲ್ಲಿ ಹ್ರಸ್ವವೆಂದರೆ ಹ್ರಸ್ವ, ದೀರ್ಘವೆಂದರೆ ದೀರ್ಘ. ಒತ್ತಕ್ಷರವನ್ನು ಒತ್ತಿಯೇ ಹೇಳಬೇಕು. ನಮ್ಮ ಲಿಪಿಯಲ್ಲಿ ಅದು ಅಂಗಿಗೆ ಗುಂಡಿ ಹಾಕಿದಂತೆ ಕೂತಿತು. ಪ್ರೇಮದ ಹಾಡೊಂದರಲ್ಲಿ ‘ತಪಾನ್’ ಎಂಬ ಮಾತು ಬರುತ್ತಿತ್ತು, ನಿನ್ನನ್ನು ಭೇಟಿಯಾಗುವೆ ಎಂದು. ಅದನ್ನೇ ಗಿಡ್ಡ ಮಾಡಿ ‘ತಪನ್’ ಎಂದರೆ ಕೊಲ್ಲುವೆ ಎಂದಾಗುತ್ತದೆ. ಮೇಳದ ಅರ್ಧ ಜನ ಬಹಳ ದಿನ ಪ್ರೇಯಸಿಯನ್ನು ಕೊಲ್ಲುತ್ತಲೇ ಇದ್ದರೆಂದು ಮಾರ್ಟೆನ್ ಹೇಳಿದಾಗ, ನಗುವಿನ ನಡುವೆ ಹನ್ನೆಕೆ, “ನಮ್ಮ ಬಸ್ ಒಬ್ಬನೇ ಸಭ್ಯಸ್ಥ” ಎಂದರು. ಬಸವಂತಪ್ಪ ಎಂಬ ಹೆಸರು ಡಚ್ಚರ ಬಾಯಲ್ಲಿ ಅಷ್ಟಕ್ಕೇ ನಿಂತಿತ್ತು. ಮಂಗಳವಾರ ಅವರು ಸೈಕಲ್ ತೆಗೆದರೆ ನಾಗಮಣಿ, “ಹೊಂಟಿತು ನೋಡವಾ ಬಸ್ಸು” ಎಂದು ಮಗಳಿಗೆ ಹೇಳುವರು.

ಬಸವಂತಪ್ಪನವರು ಮಾತ್ರ ಹನ್ನೆಕೆಯನ್ನು ಅಕ್ಕಾರ ಎಂದೇ ಕರೆದರು. ಅದರ ಅರ್ಥ ತಿಳಿದ ದಿನದಿಂದ ಆಕೆ ಬೇರೆ ಹೆಸರಿಗೆ ಓಗೊಡುವುದನ್ನೇ ಬಿಟ್ಟಂತಿತ್ತು.

ಒಂದು ವಿಷಯ ಮಾತ್ರ ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ. ಸೋದರಮಾವ ಅವರಿಗೆ ಕಲಿಸಿದ ಮೊದಲ ಪಾಠ ಹಾಡುವುದಲ್ಲ, ಕೇಳುವುದು. “ಚಂದ ಹಾಡಿದಾಗ ಕಲ್ಲಿನಂಗ ಕುಂದರಬ್ಯಾಡಲೇ. ಹಾಡಾವಗ ನೀ ಅದೀ ಅಂತ ಹೆಂಗ ಗೊತ್ತಾಗಬೇಕು?” ಎನ್ನುತ್ತಿದ್ದರು ಅವರು. ಧಾರವಾಡದ ಕಚೇರಿಗಳಲ್ಲಿಯೂ ಅದೇ ರೀತಿ. ಗವಾಯಿ ಒಂದು ಒಳ್ಳೆಯ ಜಾಗ ಮುಟ್ಟಿದನೆಂದರೆ ಕೂತವರ ಬಾಯಿಂದ ‘ಆಹಾ’ ತಾನಾಗಿ ಹೊರಡಬೇಕು. ಬಾಯಲ್ಲಿ ಎಲೆ-ಅಡಿಕೆ ಇದ್ದವರು ಅಂಗೈಯನ್ನು ಮೇಲೆತ್ತಿ ಮೆಲ್ಲಗೆ ಹೊರಳಿಸುವರು. ಹಾಡುವವನೂ ಅದನ್ನು ಹಾಡಿನ ಭಾಗವೆಂದೇ ಎಣಿಸಿ ಮುಂದುವರಿಯುವನು. ಇಲ್ಲಿಯ ಚರ್ಚುಗಳಲ್ಲಿ ಹಾಡು ಮುಗಿದರೆ ಕೆಮ್ಮು ಕೇಳುತ್ತದೆ, ಬೆಂಚು ಕಿರುಗುಟ್ಟುತ್ತದೆ, ಅಷ್ಟೇ.

“ನಿಮ್ಮ ಜನಕ್ಕ ಖುಷಿ ಆಗೂದಿಲ್ಲೇನ್ರಿ ಅಕ್ಕಾರ?” ಎಂದು ಅವರು ಒಮ್ಮೆ ತಮ್ಮ ಅರ್ಧ ಇಂಗ್ಲಿಷು ಅರ್ಧ ಡಚ್ಚಿನಲ್ಲಿ ಕೇಳಿದರು, ಅಂಗೈ ಹೊರಳಿಸುವ ಬಗೆಯನ್ನೂ ತೋರಿಸಿದರು.

“ಆಗುತ್ತೆ. ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಆಮೇಲೆ ಆಗುತ್ತೆ” ಎಂದರು ಹನ್ನೆಕೆ.

ಹೀಗೆ ಕೆಲವು ವರ್ಷ ಕಳೆದವು. ಮೇಳದವರು ಫಿನ್‌ಲ್ಯಾಂಡಿನ ಇಂದಿನ ಹಾಡುಗಳನ್ನು ಎರಡು ಸಿ.ಡಿ.ಗಳಾಗಿ ಮುದ್ರಿಸಬೇಕೆಂದು ನಿಶ್ಚಯಿಸಿದರು. ಒಂದರಲ್ಲಿ ದೇವರ ಹಾಡು, ಇನ್ನೊಂದರಲ್ಲಿ ಲೋಕದ ಹಾಡು. ದೇವರ ಹಾಡುಗಳ ಕೊನೆಯದು ಒಂದು ಪ್ರಾರ್ಥನೆ. ಇಡೀ ಮೇಳ ನೆಲದ ಹಾಗೆ ಕೆಳಗೆ ಹರಡಿಕೊಂಡಿರುತ್ತದೆ. ಅದರ ಮೇಲೆ ಒಂದೇ ಒಂದು ಹೆಣ್ಣುದನಿ ಏರುತ್ತ ಏರುತ್ತ ಹೋಗಿ, ಇನ್ನು ಏರಲಾರದೆನ್ನುವಲ್ಲಿ ತುಸು ನಿಂತು, ಇಳಿದು, ನಿಂತುಬಿಡುತ್ತದೆ. ಸ್ವಲ್ಪ ಬಿಡುವು. ಆಮೇಲೆ ಮೇಳ ಒಮ್ಮೆ ಮೆಲ್ಲಗೆ ಕೊನೆಯ ಸ್ವರಗಳನ್ನು ಹಿಡಿದು ಬಿಡುತ್ತದೆ. ಅದರ ತಳದಲ್ಲಿರುವ ಸ್ವರವನ್ನು ಮುಟ್ಟಬಲ್ಲವರು ಮೇಳದಲ್ಲಿ ಬಸವಂತಪ್ಪನವರೊಬ್ಬರೇ.

ಆ ಒಂಟಿ ದನಿಯ ಪಾಲನ್ನು ಮಾರ್ಟೆನ್ ಹನ್ನೆಕೆಗೆ ಕೊಟ್ಟ. ಆ ಚಳಿಗಾಲದಲ್ಲಿ ಆಕೆಗೆ ಹಿಡಿದ ಕೆಮ್ಮು ಬಿಟ್ಟಿರಲಿಲ್ಲ. ಮೇಲಿನ ಸ್ವರಗಳು ಒಂದು ದಿನ ಬಂದರೆ ಮರುದಿನ ಬರುತ್ತಿರಲಿಲ್ಲ. ತಾಲೀಮಿನಿಂದ ಸೈಕಲ್ ತಳ್ಳಿಕೊಂಡು ಮರಳುವಾಗ ಆಕೆ ಬಸವಂತಪ್ಪನವರಿಗೆ ಹೇಳಿದರು: “ಇದಾದ ಮೇಲೆ ಬಿಟ್ಟುಬಿಡುತ್ತೇನೆ, ಬಸ್. ಕೆಟ್ಟ ದನಿಯಲ್ಲಿ ಹಾಡಿಕೊಂಡು ಉಳಿಯಬಾರದು. ಆದರೆ ಇದೊಂದು ಚೆನ್ನಾಗಿ ಉಳಿಯಬೇಕು. ನನಗೆ ಮಕ್ಕಳಿಲ್ಲ, ನಿನಗೆ ಗೊತ್ತು. ಇಷ್ಟು ವರ್ಷ ಹಾಡಿದ್ದಕ್ಕೆ ಎಲ್ಲಿಯೂ ನನ್ನ ದನಿ ಒಂಟಿಯಾಗಿ ಉಳಿದಿಲ್ಲ.”

“ಉಳೀತೈತ್ರಿ ಅಕ್ಕಾರ. ನಾ ಕೆಳಗ ಹಿಡಕೊಂಡಿರ್ತೀನಿ, ನೀವು ಮ್ಯಾಲ ಹೋಗ್ರಿ” ಎಂದರು ಬಸವಂತಪ್ಪನವರು.

ಮುದ್ರಣಕ್ಕೆ ಸಿಕ್ಕಿದ್ದು ಊರ ಹೊರಗಿನ ಒಂದು ಹಳೆಯ ಹಳ್ಳಿಚರ್ಚು. ಮುದ್ರಿಸುವವನು ವಿಲ್ಲೆಮ್, ಗಿಡ್ಡಗಿನ ಗಡ್ಡದವ. ಸದ್ದೆಂದರೆ ಅವನಿಗೆ ಬೆಕ್ಕಿಗೆ ಇಲಿ ಇದ್ದ ಹಾಗೆ. ಗೋಪುರದ ಗಡಿಯಾರದ ಗಂಟೆಯನ್ನು ಬಡಿಯದಂತೆ ಕಟ್ಟಿಸಿದ. ಟಕಟಕ ಎನ್ನುತ್ತದೆಂದು ಶಾಖದ ಕೊಳವೆಗಳನ್ನು ಆರಿಸಿದ. ಚಳಿಗೆ ಜಾಕೆಟ್ ಹಾಕೋಣವೆಂದರೆ ಅದು ಸರಪರ ಎನ್ನುತ್ತದೆ, ಬೇಡ, ಉಣ್ಣೆಯದೇ ಆಗಬೇಕು. ಬೂಟನ್ನೂ ಬಿಡಿಸಿದ. ಮರದ ಹಲಗೆಯ ಮೇಲೆ ಎಲ್ಲರೂ ಕಾಲುಚೀಲದಲ್ಲಿ ನಿಂತು ಒಬ್ಬರ ಪಾದ ಒಬ್ಬರು ನೋಡಿಕೊಂಡು ನಾಚಿದರು. “ನಮಗೇನ್ ಹೊಸದಲ್ರಿ. ಗುಡಿಯಾಗ ಚಪ್ಪಲಿ ಬಿಟ್ಟೇ ಹೋಗೂದು” ಎಂದು ಬಸವಂತಪ್ಪನವರು ನಾಗಮಣಿಯವರ ಉಣ್ಣೆಯ ಶಾಲನ್ನು ಕೊರಳಿಗೆ ಸುತ್ತಿಕೊಂಡು ಆರಾಮವಾಗಿ ನಿಂತರು.

ಬೇರೆ ಹಾಡುಗಳೆಲ್ಲ ಮುಗಿದು ಪ್ರಾರ್ಥನೆಯೊಂದೇ ಉಳಿದದ್ದು ಕೊನೆಯ ಶನಿವಾರಕ್ಕೆ. ಭಾನುವಾರ ಅಲ್ಲಿ ಪೂಜೆ. ಸೋಮವಾರದಿಂದ ಚಾವಣಿಯ ದುರಸ್ತಿ. ಆ ದಿನ ಬಿಟ್ಟರೆ ಮತ್ತೆ ಚರ್ಚು ಸಿಗುವಂತಿರಲಿಲ್ಲ. ಬೆಳಿಗ್ಗೆಯಿಂದ ಹನ್ನೆಕೆ ಹಾಡಿದರು. ಒಮ್ಮೆ ದನಿ ಒಡೆಯಿತು. ಒಮ್ಮೆ ದನಿ ಸರಿಯಿತ್ತು, ಹೊರಗೆ ಹೆಲಿಕಾಪ್ಟರ್ ಹೋಯಿತು. ಇನ್ನೊಮ್ಮೆ ಇಡೀ ಮೇಳದ ಶ್ರುತಿ ಕುಗ್ಗಿತು. ಊಟದ ಬಿಡುವಿನಲ್ಲಿ ಎಲ್ಲರೂ ತಣ್ಣಗಿನ ಬ್ರೆಡ್ಡು ತಿನ್ನುತ್ತಿರುವಾಗ ಆಕೆ ಬಿಸಿನೀರಿನ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೂಲೆಯಲ್ಲಿ ಕೂತಿದ್ದರು. “ಇನ್ನೊಂದು ಸಲ ಇದೆ ನನ್ನಲ್ಲಿ. ಅದಕ್ಕಿಂತ ಹೆಚ್ಚಿಲ್ಲ” ಎಂದರು.

ಆ ಸಲ ಶುರುವಾಯಿತು. ಮಂದ್ರದವರು ನೆಲ ಹಾಸಿದರು. ಹನ್ನೆಕೆಯ ದನಿ ಎದ್ದಿತು. ಅದು ಹರೆಯದ ದನಿಯಾಗಿರಲಿಲ್ಲ. ಅಂಚಿನಲ್ಲಿ ಚೂರು ಸವೆದಿತ್ತು, ಬಹಳ ವರ್ಷ ಬಳಸಿದ ಬೆಳ್ಳಿಯ ಲೋಟದ ಹಾಗೆ. ಆದರೆ ಏರಬೇಕಾದಲ್ಲಿ ಏರಿತು. ಇನ್ನು ಆಗದೆನ್ನುವ ಕಡೆ ತುಸು ನಿಂತಿತು. ದನಿ ಇಳಿಯಿತು, ನಿಂತಿತು. ಬಿಡುವು. ಕೊನೆಯ ಸ್ವರಗಳು. ಮಾರ್ಟೆನ್‌ನ ಕೈ ಮುಚ್ಚಿತು. ಸ್ವರಗಳು ಕಮಾನುಗಳ ಕಡೆಗೆ ಹೋಗುತ್ತ, ತೆಳುವಾಗುತ್ತ, ಇನ್ನೂ ಇರುವಾಗ...

“ಆಹಾ!”

ಅದು ಬಸವಂತಪ್ಪನವರ ಬಾಯಿಂದ ಬಂದಿತ್ತು. ಗಟ್ಟಿಯಾಗಿಯೇ ಬಂದಿತ್ತು. ಚರ್ಚಿನ ಕಮಾನುಗಳು ಅದನ್ನೂ ಎತ್ತಿಕೊಂಡು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತಿರುಗಿಸಿ ಎಲ್ಲರಿಗೂ ಕೇಳಿಸಿದವು.

ಮಾರ್ಟೆನ್ ಕಣ್ಣು ಮುಚ್ಚಿಕೊಂಡ. ಪಕ್ಕದ ಕೋಣೆಯಿಂದ ವಿಲ್ಲೆಮ್ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಬಾಗಿಲಲ್ಲಿ ಬಂದು ನಿಂತ. “ಯಾರದು?” ಎಂದು ಅವನು ಕೇಳಬೇಕಾಗಿಯೇ ಇರಲಿಲ್ಲ, ಅಷ್ಟು ಕೆಳಗಿನ ಸ್ಥಾಯಿಯಲ್ಲಿ ಅಲ್ಲಿ ಬೇರೆ ಯಾರಿಗೂ ದನಿಯಿರಲಿಲ್ಲ.

ಹನ್ನೆಕೆ ಯಾರ ಮುಖವನ್ನೂ ನೋಡದೆ, ಕಾಲುಚೀಲದಲ್ಲಿಯೇ, ಪಕ್ಕದ ಬಾಗಿಲಿನಿಂದ ಹೊರಗೆ ಹೋದರು.

ಬಸವಂತಪ್ಪನವರು ಆಕೆಯ ಬೂಟುಗಳನ್ನು ಎತ್ತಿಕೊಂಡು ಹಿಂದೆಯೇ ಹೋದರು. ಆಕೆ ಸಮಾಧಿಗಳ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಬಸವಂತಪ್ಪನವರು ಬೂಟುಗಳನ್ನು ಆಕೆಯ ಮುಂದೆ ಇಟ್ಟು ನಿಂತರು.

“ಅದು ನನ್ನ ಕೊನೆಯದು, ಬಸ್” ಎಂದರು ಹನ್ನೆಕೆ. ಗಂಟಲು ಆಗಲೇ ಗರಗರ ಎನ್ನುತ್ತಿತ್ತು. “ನಿನಗೆ ಗೊತ್ತಿತ್ತು.”

“ಗೊತ್ತಿತ್ರಿ.”

“ಮತ್ತೆ ಯಾಕೆ?”

“ನಾ ಅನ್ಲಿಲ್ರಿ ಅಕ್ಕಾರ. ಅದ ಬಂತು.” ಸೋದರಮಾವನ ಕಥೆಯನ್ನೆಲ್ಲ ಅಲ್ಲಿ ಹೇಳುವುದು ತಪ್ಪಿಗೆ ಬಣ್ಣ ಹಚ್ಚಿದಂತೆ ಆಗುತ್ತದೆಂದು ಅವರಿಗೆ ಅನಿಸಿರಬೇಕು.

ಸ್ವಲ್ಪ ಹೊತ್ತಿನ ಮೇಲೆ ವಿಲ್ಲೆಮ್ ಬಾಗಿಲಿನಿಂದ ಕೈ ಮಾಡಿ ಕರೆದ. ಇಬ್ಬರೂ ಒಳಗೆ ಹೋದರು. ಪಾದ್ರಿಗಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನ ಯಂತ್ರಗಳಿದ್ದವು. “ನಿಮ್ಮ ದನಿ ನಿಂತು, ಬಿಡುವು ಆಗುವವರೆಗೆ ಒಂದು ನೊಣದ ಸದ್ದೂ ಇಲ್ಲ” ಎಂದ ಅವನು. “ಕೆಟ್ಟಿರುವುದು ಕೊನೆಯ ಸ್ವರಗಳ ಅನುರಣನ ಮಾತ್ರ. ಬೆಳಗಿನವುಗಳ ಕೊನೆ ತಂದು ಅಂಟಿಸೋಣವೆಂದರೆ ಅವುಗಳ ಶ್ರುತಿ ಕೆಳಗಿದೆ. ಆ ಕೊನೆಯಷ್ಟನ್ನು ಮೇಳ ಇದೇ ಶ್ರುತಿಯಲ್ಲಿ ಮತ್ತೆ ಹಾಡಿ, ಅದು ಪೂರ್ತಿ ಆರುವವರೆಗೆ ಸುಮ್ಮನಿದ್ದರೆ ಜೋಡಿಸಬಹುದು. ಕೇಳಿ.”

ಹನ್ನೆಕೆ ಹೆಡ್‌ಫೋನ್ ಹಾಕಿಕೊಂಡರು. ಬಸವಂತಪ್ಪನವರು ನೆಲ ನೋಡುತ್ತ ನಿಂತರು. ಆಕೆಯ ಮುಖದಲ್ಲಿ ಮೊದಲು ಏನೂ ಕಾಣಿಸಲಿಲ್ಲ. ಹಾಡಿನ ಕೊನೆ ಬಂತೆಂಬುದು ತಿಳಿದದ್ದು ಆಕೆಯ ಹುಬ್ಬು ಮೇಲೆ ಹೋದದ್ದರಿಂದ.

“ಮತ್ತೆ ಹಾಕು” ಎಂದರು ವಿಲ್ಲೆಮ್‌ಗೆ.

ಮತ್ತೆ ಹಾಕಿದ. ಈ ಸಲ ಕೊನೆಯಲ್ಲಿ ಆಕೆಯ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ನಗುವೋ ಅಳುವೋ ತಿಳಿಯಲಿಲ್ಲ.

“ಇದನ್ನು ಅಳಿಸಬೇಡ.”

“ಇದನ್ನು ಸಿ.ಡಿ.ಯಲ್ಲಿ ಹಾಕಲಿಕ್ಕೆ ಬರುವುದಿಲ್ಲ, ಹನ್ನೆಕೆ.”

“ಸಿ.ಡಿ.ಗೆ ಅಲ್ಲ. ನನಗೆ.” ಆಕೆ ಹೆಡ್‌ಫೋನ್ ತೆಗೆದು ಬಸವಂತಪ್ಪನವರ ಕಡೆ ತಿರುಗಿದರು. “ಇಷ್ಟು ವರ್ಷ ಹಾಡು ಮುಗಿದಾಗ ನಾನು ಕೇಳಿದ್ದು ಜನ ಕೋಟು ಹಾಕಿಕೊಳ್ಳುವ ಸದ್ದು. ಹೋಗು, ನಿನ್ನ ಜಾಗದಲ್ಲಿ ನಿಂತುಕೋ.”

“ನಾ ಹೊರಗ ನಿಂದರ್ತೀನ್ರಿ. ಮತ್ತ ಬಂತಂದ್ರ ಏನ್ ಮಾಡೂದು?”

ಬಾಗಿಲಲ್ಲಿ ನಿಂತಿದ್ದ ಮಾರ್ಟೆನ್ ಒಣಗಿದ ದನಿಯಲ್ಲಿ, “ಬಸ್, ಆ ಕೆಳಗಿನ ಸ್ವರ ಹಾಗಾದರೆ ನಾನು ಹಾಡಲೇ?” ಎಂದ.

ಮೇಳ ಮತ್ತೆ ನಿಂತಿತು. ಹೊರಗೆ ಬೆಳಕು ಇಳಿಯುತ್ತಿತ್ತು. ಹನ್ನೆಕೆ ಹಾಡಬೇಕಾಗಿರಲಿಲ್ಲ; ಮುಂದಿನ ಬೆಂಚಿನಲ್ಲಿ ಬಸವಂತಪ್ಪನವರ ನೇರಕ್ಕೆ ಕೂತರು. ವಿಲ್ಲೆಮ್ ಆಕೆಯ ಕೊನೆಯ ಸ್ವರವನ್ನು ಸಣ್ಣಗೆ ಕೇಳಿಸಿದ. ಮೇಳ ಶ್ರುತಿ ಹಿಡಿದು ಹಾಡಿತು. ಅನುರಣನ ಆರುವ ಮೊದಲೇ ಚಾವಣಿಯಲ್ಲಿ ಒಂದು ಪಾರಿವಾಳ ಗುಟುರು ಹಾಕಿತು. “ಈ ಸಲ ನಾ ಅಲ್ರಿ” ಎಂದು ಬಸವಂತಪ್ಪನವರು ತಟಕ್ಕನೆ ಅಂದದ್ದಕ್ಕೆ ಎಲ್ಲರೂ ನಕ್ಕರು, ಬಿಗಿದುಕೊಂಡಿದ್ದ ಹೆಗಲುಗಳು ಸಡಿಲವಾದವು.

ಎರಡನೆಯ ಸಲ ಅವರು ಶಾಲಿನ ತುದಿಯನ್ನು ಕೈಯಲ್ಲಿ ಸಿದ್ಧವಾಗಿ ಹಿಡಿದುಕೊಂಡರು. ಮಾರ್ಟೆನ್‌ನ ಕೈ ತೆರೆಯಿತು. ಬಸವಂತಪ್ಪನವರು ಹೊಟ್ಟೆಯ ಆಳದಿಂದ ಆ ತಳದ ಸ್ವರವನ್ನು ಎತ್ತಿ ಇಟ್ಟರು. ಅದರ ಮೇಲೆ ಉಳಿದವರ ದನಿಗಳು ಒಂದೊಂದಾಗಿ ಕೂತವು. ಕೈ ಮುಚ್ಚಿತು. ಅವರು ಶಾಲಿನ ತುದಿಯನ್ನು ಬಾಯಿಗಿಟ್ಟು ಹಲ್ಲಿನಿಂದ ಕಚ್ಚಿದರು.

ಸ್ವರಗಳು ಮೇಲಕ್ಕೆ ಹೋದವು. ಮಠದ ಗಂಟೆಗೆ ಕಿವಿ ಹಚ್ಚಿದ್ದಾಗ ಕೇಳಿದ್ದು ಅದೇ. ಅದು ಮುಗಿಯಿತು ಎನ್ನುವಾಗ ಇನ್ನೂ ಸ್ವಲ್ಪ ಉಳಿದಿತ್ತು. ಅದೂ ಮುಗಿಯಿತು ಎನ್ನುವಾಗ ಎಲ್ಲಿಯೋ ಕಮಾನಿನ ಸಂದಿಯಲ್ಲಿ ಒಂದೆಳೆ ಇತ್ತು. ಬಸವಂತಪ್ಪನವರ ಎದೆಯಲ್ಲಿ ಆ ‘ಆಹಾ’ ಮತ್ತೆ ಎದ್ದು ಗಂಟಲಿನವರೆಗೆ ಬಂತು. ಅವರು ಇನ್ನೂ ಬಲವಾಗಿ ಕಚ್ಚಿದರು. ಆಗ ಮುಂದಿನ ಬೆಂಚಿನಲ್ಲಿ ಹನ್ನೆಕೆ ಬಲಗೈಯನ್ನು ಮೆಲ್ಲಗೆ ಮೇಲೆತ್ತಿದರು. ಅಂಗೈಯನ್ನು ಗಾಳಿಯಲ್ಲಿ ಹೊರಳಿಸಿದರು, ಧಾರವಾಡದ ಹಳೆಯ ರಸಿಕರೊಬ್ಬರ ಹಾಗೆ, ಒಂದಿಷ್ಟೂ ಸದ್ದಿಲ್ಲದೆ. ಬಸವಂತಪ್ಪನವರ ಕಣ್ಣು ತುಂಬಿ ಬಂತು. ಅವರು ಹಾಗೆಯೇ ನಿಂತರು.

ಮುದ್ರಣದ ಕೆಂಪು ದೀಪ ಆರಿತು. ವಿಲ್ಲೆಮ್ ಹೊರಗೆ ಬಂದು ಹೆಬ್ಬೆರಳು ತೋರಿಸಿದ. ಶಾಲಿನಲ್ಲಿ ಹಲ್ಲಿನ ಗುರುತು ಮೂಡಿತ್ತು. ನಾಗಮಣಿಯವರು ಆಮೇಲೆ ಅದನ್ನು ಬೆಳಕಿಗೆ ಹಿಡಿದು ನೋಡಿ, “ಹಾಡಾಕ ಹೋಗಿದ್ರೋ ಶಾಲು ತಿನ್ನಾಕ ಹೋಗಿದ್ರೋ?” ಎಂದು ಕೇಳದೆ ಬಿಡಲಿಲ್ಲ.

ವಸಂತದಲ್ಲಿ ಸಿ.ಡಿ.ಗಳು ಬಂದವು. ಜೋಡಣೆ ಎಲ್ಲಿದೆಯೆಂದು ಹುಡುಕಿದವರಿಗೂ ಸಿಕ್ಕಲಿಲ್ಲ. ಹನ್ನೆಕೆ ಹೇಳಿದ ಮಾತಿನಂತೆ ಮೇಳವನ್ನು ಬಿಟ್ಟರು. ಬಸವಂತಪ್ಪನವರು ಮಂಗಳವಾರ ಒಬ್ಬರೇ ಸೈಕಲ್ ತುಳಿಯಬೇಕಾಯಿತು. ಮರಳಿ ಬರುವಾಗ ಆಕೆಯ ಕಿಟಕಿಯಲ್ಲಿ ದೀಪವಿದ್ದರೆ ಗೋಡೆ ತಟ್ಟಿ, ಅಂದು ಏನು ಹಾಡಿದರೆಂದು ಒಂದು ಸಾಲು ಗಟ್ಟಿಯಾಗಿ ಹಾಡಿ ತೋರಿಸುತ್ತಿದ್ದರು. ಗೋಡೆಯ ಆಚೆಯಿಂದ ತಿದ್ದುಪಡಿ ಬರುತ್ತಿತ್ತು.

ಒಂದು ಭಾನುವಾರ ಹನ್ನೆಕೆ ಮೂವರನ್ನೂ ಕಾಫಿಗೆ ಕರೆದರು. ತಲೆಗೊಂದು ಬಿಸ್ಕತ್ತು ತೆಗೆದುಕೊಳ್ಳಲು ಡಬ್ಬಿಯನ್ನು ಒಂದು ಸಲ ತೆರೆದು ಮುಚ್ಚುವ ಆ ದೇಶದ ಪದ್ಧತಿಯನ್ನು ಬಿಟ್ಟು, ನಾಗಮಣಿಯವರ ಮುಂದೆ ಡಬ್ಬಿಯನ್ನು ತೆರೆದೇ ಇಟ್ಟರು. ಆಮೇಲೆ ವಿಲ್ಲೆಮ್ ತಮಗೆಂದೇ ಮಾಡಿಕೊಟ್ಟ ಪ್ರತಿಯನ್ನು ಯಂತ್ರದಲ್ಲಿ ಹಾಕಿದರು.

ನಾಗಮಣಿ ಈ ಹಾಡನ್ನು ಪೂರ್ತಿ ಕೇಳಿದ್ದು ಅದೇ ಮೊದಲು. ಶುರುವಿನಲ್ಲಿ ಬಿಸ್ಕತ್ತು ಕೈಯಲ್ಲಿತ್ತು. ಒಂಟಿ ದನಿ ಏರತೊಡಗಿದಾಗ ಅದನ್ನು ತಟ್ಟೆಯಲ್ಲಿ ಇಟ್ಟರು. ಎದುರಿಗೆ ಕೂತ ಬಿಳಿಗೂದಲಿನ ಹೆಂಗಸನ್ನೂ ಯಂತ್ರವನ್ನೂ ಒಮ್ಮೆ ನೋಡಿದರು. ಆ ದನಿ ಎತ್ತರದಲ್ಲಿ ನಿಂತು, ಇಳಿದು, ನಿಂತಿತು. ಬಿಡುವು. ಕೊನೆಯ ಸ್ವರಗಳು ಬಂದು ಹೋಗತೊಡಗಿದವು.

“ಆಹಾ” ಎಂದರು ನಾಗಮಣಿ.

ಅದರ ಬೆನ್ನಿಗೇ ಯಂತ್ರದೊಳಗಿನಿಂದ ಬಸವಂತಪ್ಪನವರ “ಆಹಾ!” ಹೊರಟು ಕೋಣೆಯ ಗಾಜುಗಳನ್ನೆಲ್ಲ ನಡುಗಿಸಿತು.

“ಅಮ್ಮಾ!” ಎಂದು ಹರ್ಷಿತಾ ಕಿರುಚಿ ನಗತೊಡಗಿದಳು. ನಾಗಮಣಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಸವಂತಪ್ಪನವರೊಬ್ಬರೇ ತುಟಿ ಬಿಗಿಹಿಡಿದು, ಅನುರಣನ ಪೂರ್ತಿ ಆರುವವರೆಗೆ, ಕಲ್ಲಿನ ಹಾಗೆ ಕೂತಿದ್ದರು.

ಹನ್ನೆಕೆ ಯಂತ್ರವನ್ನು ನಿಲ್ಲಿಸಿದರು. ಕಣ್ಣು ಒರೆಸಿಕೊಂಡು, ಗಂಡಹೆಂಡಿರಿಬ್ಬರನ್ನೂ ನೋಡಿ, ಡಬ್ಬಿಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದರು.

“ನಿಯೆಟ್ ಸ್ಲೆಖ್ಟ್” ಎಂದರು.